ಎರೆಮಣ್ಣಿನ ಕಾರು

ನಿವೃತ್ತಿಯಾದ ಮೇಲೆ ನನಗೆ ಬೇಕಾಗಿದ್ದದ್ದು ಒಂದೇ, ಕೂರುವುದು. ದುಡಿಮೆಯ ದಿನಗಳನ್ನೆಲ್ಲ ಬಸ್ಸಿನಲ್ಲಿ ನಿಂತು, ಟಿಕೆಟ್ ಕೊಡುತ್ತ ಕಳೆದವಳು ನಾನು. ಹುಬ್ಬಳ್ಳಿಯಿಂದ ಧಾರವಾಡ, ಧಾರವಾಡದಿಂದ ಉಪ್ಪಿನಬೆಟಗೇರಿ, ತಿರುಗಿ ಹುಬ್ಬಳ್ಳಿ. ಕಂಡಕ್ಟರಿಗೆಂದು ಬಸ್ಸಿನಲ್ಲಿ ಒಂದು ಸೀಟು ಇರುತ್ತದೆ, ಸುಳ್ಳಲ್ಲ. ಆದರೆ ಅದರ ಮೇಲೆ ಯಾವಾಗಲೂ ಯಾರದೋ ಅಜ್ಜಿ ಕೂತಿರುತ್ತಾಳೆ, ಇಲ್ಲವೇ ಜೋಳದ ಚೀಲ ಕೂತಿರುತ್ತದೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಊದಿದ ಕಾಲಿನಲ್ಲಿ ಮರುದಿನ ಬೆಳಗಿನವರೆಗೂ ಉಳಿದಿರುತ್ತಿತ್ತು. ನವನಗರದ ನಮ್ಮ ಮನೆಯ ಪಕ್ಕದಲ್ಲಿ ಸ್ವಲ್ಪ ಖಾಲಿ ಜಾಗ, ಅಲ್ಲೊಂದು ಬೇವಿನ ಗಿಡ, ಅದರ ಕೆಳಗೆ ಹಗ್ಗ ಹೆಣೆದ ಹೊರಸು. ಉಳಿದ ಆಯುಷ್ಯವನ್ನು ಆ ಹೊರಸಿನ ಮೇಲೆ, ಯಾರಿಗೂ ಚಿಲ್ಲರೆ ಕೊಡದೆ, ಯಾರಿಗೂ "ಒಳಗ ನಡೀರಿ, ಒಳಗ ನಡೀರಿ" ಅನ್ನದೆ ಕಳೆಯಬೇಕೆಂದಿದ್ದೆ.

ಆ ಜಾಗದಲ್ಲಿ ಈಗ ಕಾರು ನಿಂತಿದೆ. ಹೊರಸು ಛಾವಣಿಯ ಮೇಲಿದೆ, ಮೇಲೆ ಹತ್ತಲು ನನ್ನ ಮಂಡಿ ಒಪ್ಪುವುದಿಲ್ಲ.

ನಮ್ಮ ಯಜಮಾನರೂ ಬಸ್ಸಿನವರೇ. ಅವರು ಡ್ರೈವರ್, ನಾನು ಕಂಡಕ್ಟರ್, ಇಬ್ಬರದೂ ಒಂದೇ ಡಿಪೋ. ಆದರೂ ಇಬ್ಬರಿಗೂ ಒಂದೇ ಬಸ್ಸಿನ ಡ್ಯೂಟಿ ಎಂದೂ ಬೀಳಲಿಲ್ಲ. ಡ್ಯೂಟಿ ಹಾಕುವ ಗುಮಾಸ್ತ, "ಗಂಡ-ಹೆಂಡ್ತಿ ಒಂದ ಗಾಡ್ಯಾಗ ಬ್ಯಾಡ್ರೀ ಅಕ್ಕಾರ, ಮನ್ಯಾಗಿನ ಜಗಳ ಬಸ್ಸಿನಾಗ ಬರ್ತೈತಿ" ಎಂದು ನಗುತ್ತಿದ್ದ. ನಾನು ಹೋಗುವಾಗ ಅವರು ಎದುರಿನಿಂದ ಬರುತ್ತಿದ್ದರು. ದೂರದಿಂದಲೇ ನನ್ನ ಬಸ್ಸನ್ನು ಗುರುತು ಹಿಡಿದು ದೀಪ ಹಾಕಿ ಆರಿಸುತ್ತಿದ್ದರು. ನಮ್ಮ ಸಂಸಾರದ ಎಷ್ಟೋ ಮಾತು ಆ ದೀಪದಲ್ಲೇ ಮುಗಿದುಹೋಗಿದೆ.

ನಿವೃತ್ತಿಗೆ ಇನ್ನೂ ಕೆಲವು ವರ್ಷ ಇರುವಾಗ ಅವರು ಡ್ರೈವರರ ಕಣ್ಣಿನ ಪರೀಕ್ಷೆಯಲ್ಲಿ ನಪಾಸಾದರು. ಕಣ್ಣಿನೊಳಗಿನ ಒತ್ತಡದ ರೋಗ. ನೋವಿಲ್ಲ, ಕೆಂಪಾಗುವುದಿಲ್ಲ, ಅಂಚಿನಿಂದ ಒಳಗೆ ಕತ್ತಲೆ ಸದ್ದಿಲ್ಲದೆ ಬರುತ್ತದೆ. ನಡುವಿನದ್ದು ಮಾತ್ರ ಕಾಣುತ್ತದೆ, ಕೊಳವೆಯೊಳಗಿಂದ ನೋಡಿದ ಹಾಗೆ. ಹೋದದ್ದು ತಿರುಗಿ ಬರುವುದಿಲ್ಲ, ಹನಿ ಹಾಕಿಕೊಂಡು ಇದ್ದದ್ದನ್ನು ಉಳಿಸಿಕೊಳ್ಳಬೇಕು ಎಂದರು ಡಾಕ್ಟರು. ಡಿಪೋದಲ್ಲಿ ಅವರನ್ನು ಸ್ಟೀರಿಂಗಿನಿಂದ ಎಬ್ಬಿಸಿ ಟೈರಿನ ಕೋಣೆಯಲ್ಲಿ ಕೂರಿಸಿದರು. ಆ ದಿನ ಮನೆಗೆ ಬಂದವರು ಎಂದಿನಂತೆ ಊಟ ಮಾಡಿದರು, ಮಜ್ಜಿಗೆಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಕೈ ತೊಳೆದು ಬಂದು, "ನಾ ಒಂದ ಕಾರ್ ಕಟ್ಟಾಂವ ಅದೇನಿ" ಎಂದರು. ನಾನು ಉಪ್ಪಿನಕಾಯಿ ಭರಣಿಯ ಮುಚ್ಚಳ ಹಾಕುತ್ತಿದ್ದೆ, ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರ ತಲೆಯಲ್ಲಿದ್ದದ್ದು ಒಂದು ಕೆಂಪು ಕಾರು. ಬಹಳ ಹಿಂದೆ ಬೈಪಾಸಿನಲ್ಲಿ ಹಳೆಯ ವಿಲಾಯತಿ ಕಾರುಗಳ ಸಾಲೊಂದು ಬೆಳಗಾವಿ ಕಡೆಗೆ ಹೋಯಿತಂತೆ. ಅದರಲ್ಲಿ ಒಂದು, ಎರಡೇ ಸೀಟಿನದು, ಮೇಲೆ ಟಾಪಿಲ್ಲದ್ದು, ಉದ್ದ ಮೂತಿ, ಗುಂಡು ದೀಪಗಳು, ಇವರ ಬಸ್ಸನ್ನು ದಾಟಿ ಹೋಯಿತಂತೆ. ನಡೆಸುತ್ತಿದ್ದ ಬಿಳಿಗೂದಲ ಮುದುಕ ಕೈಯೆತ್ತಿ ಇವರಿಗೆ ನಮಸ್ಕಾರ ಮಾಡಿದನಂತೆ. ಆಮೇಲೆ ಅದೇ ಜಾತಿಯ ಕಾರಿನ ಚಿತ್ರ ಇದ್ದ ಕ್ಯಾಲೆಂಡರಿನ ಹಾಳೆ ಎಲ್ಲೋ ಸಿಕ್ಕು, ಅದು ನಮ್ಮ ಕಪಾಟಿನ ಬಾಗಿಲ ಒಳಗಡೆ ಅಂಟಿಕೊಂಡಿತು. ನನ್ನ ಸೀರೆ ತೆಗೆಯಬೇಕಾದರೆ ದಿನಾ ಆ ಕಾರಿನ ಮುಖ ನೋಡಬೇಕು. ಸವತಿಯ ಮುಖವನ್ನಾದರೂ ಇಷ್ಟು ಹೊತ್ತು ನೋಡುತ್ತಿರಲಿಲ್ಲ.

"ಕಾರ್ ಬೇಕಾದ್ರ ಹಳೇದೊಂದು ತಗೋರಿ, ಕಟ್ಟೂದ್ಯಾಕ?" ಎಂದು ಕೇಳಿದೆ.

"ಜೀವಮಾನೆಲ್ಲಾ ಮಂದಿ ಗಾಡಿ ನಡಸೇನಿ. ನನ್ನ ಕೈಯಾರೆ ಮಾಡಿದ್ದು ಒಂದ ಗಾಡಿ, ಒಂದ ಸಲ ನಾನ ನಡಸ್ಬೇಕು. ಕಣ್ಣ ಇರೂದ್ರಾಗ" ಎಂದರು.

ಸಿಟ್ಟು ಬಂತು. ನನ್ನ ಹೊರಸಿನ ಜಾಗ ಹೋಗುತ್ತದೆಂದೂ ಸಿಟ್ಟು, ಅವರ ಕಣ್ಣಿನ ಮೇಲೂ ಸಿಟ್ಟು. ಆಗಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಆಗಲಿ ಎಂದೇ ಅರ್ಥ.

ಅವರು ನಿವೃತ್ತರಾದರು, ಹಿಂದೆಯೇ ನಾನೂ ಆದೆ. ಅಷ್ಟರಲ್ಲಿ ಬೇವಿನ ಗಿಡದ ಕೆಳಗೆ ಕಬ್ಬಿಣದ ಕೊಳವೆಗಳ ಒಂದು ಅಸ್ಥಿಪಂಜರ ಎದ್ದು ನಿಂತಿತ್ತು. ಗುಜರಿಗೆ ಬಂದ ಯಾವುದೋ ಶಾಲಾ ವ್ಯಾನಿನ ಎಂಜಿನ್ನು, ಅದರದೇ ಗೇರು, ಅದರದೇ ಗಾಲಿ. ಬೆಸುಗೆಯನ್ನು ಅವರೇ ಕಲಿತರು, ಕಲಿಯುವಾಗ ಒಣಹಾಕಿದ್ದ ನನ್ನ ಒಂದು ಸೀರೆಗೆ ಕಿಡಿ ಹಾರಿ ತೂತು ಬಿದ್ದಿತು. ಮೈ ಕಟ್ಟುವ ಕೆಲಸಕ್ಕೆ ಹಳೇ ಹುಬ್ಬಳ್ಳಿಯ ಮಿಸ್ತ್ರಿಯೊಬ್ಬರು ಬರುತ್ತಿದ್ದರು. ಆಟೋಗಳ ಫೈಬರ್ ಮುಖ, ಅಂಗಡಿಗಳ ಬೋರ್ಡು, ನೀರಿನ ಟಾಕಿಯ ತೇಪೆ, ಇವು ಅವರ ಕಸುಬು. ಅವರು ಯಜಮಾನರ ಹಳೆಯ ಗೆಳೆಯರು, ಅತ್ತಿಗೆಯೆಂಬ ಸಲಿಗೆಯಲ್ಲಿ ನನ್ನನ್ನು ವೈನಿ ಎಂದು ಕರೆಯುತ್ತಿದ್ದರು. ಬಂದವರು ಮೊದಲು ಚಹಾ ಕುಡಿಯುತ್ತಿದ್ದರು, ಆಮೇಲೆ ಇಬ್ಬರೂ ಸೇರಿ ಬಹಳ ಹೊತ್ತು ಕಾರಿನ ಸುತ್ತ ಸುಮ್ಮನೆ ತಿರುಗುತ್ತಿದ್ದರು, ಆಮೇಲೆ ಮತ್ತೆ ಚಹಾ. ಕೆಲಸ ಯಾವಾಗ ಆಗುತ್ತಿತ್ತೋ ನನಗೆ ತಿಳಿಯದು.

ಚಿತ್ರದಲ್ಲಿದ್ದಂತೆ ಕಟ್ಟುತ್ತೇನೆ ಎಂದವರು ತಮ್ಮದೇ ಒಗ್ಗರಣೆ ಹಾಕತೊಡಗಿದರು. ಗಾಜಿನ ಕೆಳಗೆ ಊರಿನ ಹೆಸರಿನ ಫಲಕ ಸಿಕ್ಕಿಸಲು ಒಂದು ತಗಡಿನ ಚೌಕಟ್ಟು ಬಂತು, ಥೇಟ್ ಬಸ್ಸಿನದರಂತೆ. ಮಠದ ಸ್ವಾಮಿ ಅಜ್ಜನ ಫೋಟೋಕ್ಕೆ ಜಾಗ, ಊದಿನಕಡ್ಡಿಗೆ ತೂತು.

"ವಿಲಾಯತಿ ಕಾರಿಗೆ ಬೋರ್ಡ್ ಯಾಕ್ರಿ? ಯಾವ ಊರ ಅಂತ ಬರಸ್ತೀರಿ?" ಎಂದು ಕೆಣಕಿದೆ.

"ಅದನ್ನ ಕಂಡಕ್ಟರ್ ಹೇಳ್ಬೇಕು" ಎಂದರು.

ಈಗ ಮಣ್ಣಿನ ವಿಷಯ. ಫೈಬರಿನ ಮೈ ಮಾಡಬೇಕಾದರೆ ಮೊದಲು ಅದೇ ಆಕಾರದ ಅಚ್ಚು ಬೇಕು. ಅಚ್ಚಿನ ಮೇಲೆ ಮೇಣ ಸವರಿ, ಗಾಜಿನ ನಾರಿನ ಬಟ್ಟೆ ಹಾಸಿ, ರಾಳ ಹಚ್ಚುತ್ತಾರೆ. ಗಟ್ಟಿಯಾದ ಮೇಲೆ ಒಳಗಿನ ಅಚ್ಚನ್ನು ಒಡೆದು ತೆಗೆಯುತ್ತಾರೆ. ಅಚ್ಚನ್ನು ಪ್ಲಾಸ್ಟರಿನಲ್ಲಿ ಮಾಡೋಣ ಎಂದರು ಮಿಸ್ತ್ರಿ. ಯಜಮಾನರು ಕೇಳಲಿಲ್ಲ. ಮಣ್ಣೇ ಆಗಬೇಕು, ಅದೂ ಶಿರಗುಪ್ಪಿಯ ಎರೆಮಣ್ಣು, ಬೆಣ್ಣೆಯ ಹಾಗೆ ಬಾಗುತ್ತದೆ ಎಂದರು. ಶಿರಗುಪ್ಪಿ ನನ್ನ ತವರು. ಆ ಕರಿಮಣ್ಣಿನ ಗುಣ ನನಗೆ ಗೊತ್ತಿಲ್ಲವೇ? ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ, ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ.

"ಎರಿಮಣ್ಣ ನೀರ ಕುಡದ್ರ ಊದ್ತೈತಿ. ನಮ್ಮ ಊರಾಗ ಮನಿ ಗ್ವಾಡೀನ ಸೀಳತಾವು. ಅದ್ರ ಮ್ಯಾಲ ಕಾರ್ ಕಟ್ತೀರೇನು?" ಎಂದೆ.

"ಮ್ಯಾಲ ತಾಡಪತ್ರಿ ಹೊಚ್ಚೂಣು ಬಿಡು" ಎಂದರು. ಮಾವನ ಮನೆಯ ಮಣ್ಣೆಂದರೆ ಅಳಿಯನಿಗೆ ಅಷ್ಟು ಪ್ರೀತಿ. ನನ್ನ ತಮ್ಮ ಟ್ರ್ಯಾಕ್ಟರಿನಲ್ಲಿ ತಂದು ಸುರಿದು, ನಗುತ್ತ ಹೋದ.

ಬಿದಿರಿನ ದಬ್ಬೆ, ಕೋಳಿಜಾಲರಿ, ಮೇಲೆ ಸಗಣಿ ಮತ್ತು ಹೊಟ್ಟು ಕಲಸಿದ ಮಣ್ಣು. ಗಂಡಸರಿಬ್ಬರೂ ಮೆತ್ತಿದರು, ನೋಡಿದರೆ ಎಮ್ಮೆ ಮಲಗಿದ ಹಾಗಿತ್ತು. ನನಗೆ ತಡೆಯಲಾಗಲಿಲ್ಲ. ಸೀರೆ ಸೊಂಟಕ್ಕೆ ಸಿಕ್ಕಿಸಿ, ಬಕೆಟ್ಟಿನಲ್ಲಿ ಕೈ ಅದ್ದಿ, ಸಣ್ಣವಳಿದ್ದಾಗ ತವರಿನ ನೆಲ ಸಾರಿಸುತ್ತಿದ್ದಂತೆ ಅಂಗೈಯಿಂದ ಒತ್ತಿ ಒತ್ತಿ ನುಣುಪು ಮಾಡಿದೆ. ಯಜಮಾನರು ಚಿತ್ರ ಹಿಡಿದುಕೊಂಡು ಇಲ್ಲಿ ಏರಬೇಕು, ಇಲ್ಲಿ ಇಳಿಯಬೇಕು ಎಂದು ಹೇಳುತ್ತಿದ್ದರು. ಸೊಂಟ ಬಿದ್ದುಹೋಯಿತು. ಆದರೆ ಒಂದೇ ಡಿಪೋದಲ್ಲಿ ಅಷ್ಟು ವರ್ಷ ದುಡಿದರೂ ನಾವಿಬ್ಬರೂ ಒಂದೇ ಕೆಲಸಕ್ಕೆ ಕೈ ಹಾಕಿದ್ದು ಅದೇ ಮೊದಲು. ಖುಷಿಯಾಗಿತ್ತು, ಅದನ್ನು ಬಾಯಿಬಿಟ್ಟು ಹೇಳಲು ಮಾತ್ರ ಸುಸ್ತಾಗಿತ್ತು.

ಮುಂಗಾರು ಸ್ವಲ್ಪ ಮೊದಲೇ ಬಂತು. ಒಂದು ಮಧ್ಯಾಹ್ನ ಗಾಳಿ ಎಂಥದಿತ್ತೆಂದರೆ ತಾಡಪತ್ರಿ ಹರಿದು ಪಕ್ಕದ ಮನೆಯ ಛಾವಣಿ ಸೇರಿತು. ಪಡುವಣದಿಂದ ಓರೆಯಾಗಿ ಬಂದ ಮಳೆ ಅಚ್ಚಿನ ಎಡಮಗ್ಗುಲನ್ನು ನೆನೆಸಿತು, ಬಲಮಗ್ಗುಲಿಗೆ ಗೋಡೆಯ ಮರೆಯಿತ್ತು. ಆಮೇಲೆ ಬಿಸಿಲು ಬಿದ್ದು ಎಡಗಡೆ ಬಿರುಕು ಬಿಟ್ಟಿತು. ಬಿರುಕಿಗೆ ನಾನೇ ಮತ್ತೆ ಮಣ್ಣು ಮೆತ್ತಿದೆ. ಮತ್ತೆ ಹನಿ, ಮತ್ತೆ ಬಿಸಿಲು, ಮತ್ತೆ ಬಿರುಕು, ಮತ್ತೆ ಮಣ್ಣು. ಕೊನೆಗೆ ಮಳೆ ಬಿಡುವು ಕೊಟ್ಟ ದಿನಗಳಲ್ಲಿ ಲಗೂ ಲಗೂ ಬಣ್ಣ ಬಳಿದು, ಮೇಣ ಸವರಿ, ಮಿಸ್ತ್ರಿ ನಾರು ಹಾಸಿಬಿಟ್ಟರು. ರಾಳದ ವಾಸನೆ ಮನೆಯ ಸಾರಿಗೂ ಹತ್ತಿತು. ಗಾಜಿನ ನಾರು ಗಾಳಿಯಲ್ಲಿ ಹಾರಿ ಒಗೆದ ಬಟ್ಟೆಯೊಳಗೆ ಸೇರಿ, ಇಬ್ಬರೂ ಕೂತಲ್ಲಿ ನಿಂತಲ್ಲಿ ಮೈ ತುರಿಸಿಕೊಳ್ಳುತ್ತಿದ್ದೆವು. ನಿವೃತ್ತ ಜೀವನ!

ಒಳಗಿನ ಮಣ್ಣು ಒಡೆದು ತೆಗೆದು, ಮೈಯನ್ನು ಎತ್ತಿ ಪಂಜರದ ಮೇಲೆ ಕೂರಿಸಿದ ದಿನ ನಾನು ಎದುರಿಗೆ ಹೋಗಿ ನಿಂತೆ. ಕಾರಿನ ಎಡಗೆನ್ನೆ ಊದಿತ್ತು. ಹಲ್ಲುನೋವು ಬಂದವರ ಮುಖದ ಹಾಗೆ, ದೀಪದಿಂದ ಬಾಗಿಲವರೆಗೂ ಊದಿತ್ತು. ಎಳೆಯ ಮಗುವೂ ಹೇಳಬಹುದಾಗಿತ್ತು. ಮಿಸ್ತ್ರಿ ಗಡ್ಡ ನೀವಿಕೊಳ್ಳುತ್ತ ನಿಂತುಬಿಟ್ಟರು.

ಯಜಮಾನರು ನನ್ನ ಪಕ್ಕಕ್ಕೆ ಬಂದರು. ಮೊದಲು ಒಂದು ದೀಪ ನೋಡಿದರು. ನಿಧಾನವಾಗಿ ತಲೆ ತಿರುಗಿಸಿ ಇನ್ನೊಂದು ದೀಪ ನೋಡಿದರು. ಕಣ್ಣು ತಿರುಗಲಿಲ್ಲ, ತಲೆಯೇ ತಿರುಗಿತು. ಆಮೇಲೆ ಹತ್ತಿರ ಹೋಗಿ ಮೈಮೇಲೆ ಕೈಯಾಡಿಸಿದರು, ಈ ಬದಿ, ಆ ಬದಿ.

"ಛಲೋ ಬಂದೈತಿ. ಎರಡೂ ಕಡೆ ಸಮ ಐತಿ" ಎಂದರು.

ಕಣ್ಣು ಎಷ್ಟು ಹೋಗಿದೆ ಎಂದು ನನಗೆ ಗೊತ್ತಾದದ್ದು ಆ ಹೊತ್ತಿಗೆ. ಡಾಕ್ಟರು ಹೇಳಿದಾಗಲ್ಲ, ಅವರು ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡಾಗಲೂ ಅಲ್ಲ. ಇಡೀ ಕಾರು ಒಂದೇ ಸಲ ಅವರಿಗೆ ಕಾಣುತ್ತಿರಲಿಲ್ಲ. ತುಂಡು ತುಂಡಾಗಿ ಕಂಡದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದರು, ಅಲ್ಲಿ ಅದು ಕ್ಯಾಲೆಂಡರಿನ ಕಾರೇ ಆಗಿತ್ತು.

ಅವರು ನೀರು ಕುಡಿಯಲು ಒಳಗೆ ಹೋದಾಗ ಮಿಸ್ತ್ರಿ ತಗ್ಗಿದ ದನಿಯಲ್ಲಿ, "ವೈನಿ, ಇದನ್ನ ಒಡದು ಮತ್ತ ಮಾಡ್ಬೇಕ್ರಿ. ನನ್ನ ಹೆಸರು ಹಾಳಾಗ್ತೈತಿ" ಎಂದರು.

"ಮತ್ತ ಮಾಡಾಕ ಎಷ್ಟ ದಿನ ಬೇಕ್ರಿ?"

"ಮಳಿ ಹೋಗ್ಬೇಕು, ಮಣ್ಣ ಒಣಗ್ಬೇಕು. ಬ್ಯಾಸಗಿ ಆಗ್ತೈತಿ ನೋಡ್ರಿ."

ಅಷ್ಟರಲ್ಲಿ ಅವರ ನೋಟದ ಆ ಕೊಳವೆ ಇನ್ನೆಷ್ಟು ಕಿರಿದಾಗುತ್ತದೋ ಯಾರು ಹೇಳಬೇಕು? ನಾನು ಒಳಗಡೆ ನೋಡಿದೆ. ಅವರು ನೀರಿನ ತಂಬಿಗೆಯನ್ನು ಕೈಯಿಂದ ಹುಡುಕುತ್ತಿದ್ದರು, ಅದು ಪಕ್ಕದಲ್ಲೇ ಇತ್ತು.

"ಬ್ಯಾಡ್ರಿ. ಹಿಂಗ ಇರ್ಲಿ. ಅವರಿಗೆ ಹೇಳಬ್ಯಾಡ್ರಿ" ಎಂದೆ. ಮಿಸ್ತ್ರಿ ನನ್ನ ಮುಖ ನೋಡಿದರು, ಒಳಗಡೆ ನೋಡಿದರು, ಒಪ್ಪಿ ತಲೆಯಾಡಿಸಿದರು. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ.

ಕಾರಿಗೆ ಕೆಂಪು ಬಣ್ಣ ಬಂತು. ಯಜಮಾನರು ಸೀಟುಗಳಿಗೆ ಹಳೆಯ ಬಸ್ಸಿನ ಹಸಿರು ರೆಕ್ಸಿನ್ನೇ ಬೇಕೆಂದು ಹಟ ಹಿಡಿದು ಅದನ್ನೇ ಹಾಕಿಸಿದರು. ಬಂದ ನೆಂಟರೆಲ್ಲ ಎದುರಿಗೆ ನಿಂತು, ಎಡಗೆನ್ನೆಯನ್ನು ನೋಡಿ, ಬಾಯಿ ತೆರೆದು, ಹಿಂದೆ ನಿಂತ ನನ್ನ ಕಣ್ಣು ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಬಸ್ಸಿನಲ್ಲಿ ಟಿಕೆಟ್ ತೆಗೆಯದವರನ್ನು ನೋಡುವ ನೋಟವದು, ಇನ್ನೂ ಮರೆತಿಲ್ಲ. ಒಬ್ಬೊಬ್ಬರನ್ನೂ ಹೀಗೆ ಕಾಯುವುದು ಸಣ್ಣ ಕೆಲಸವೇ? ಚಹಾ ಕೊಡಬೇಕು, ಕಣ್ಣನ್ನೂ ಇಟ್ಟಿರಬೇಕು. ಯಾರಾದರೂ ಬಂದು ಹೋದರೆ ನನಗೆ ಒಂದು ಟ್ರಿಪ್ಪು ಹೊಡೆದಷ್ಟು ದಣಿವಾಗುತ್ತಿತ್ತು.

ಇಂಥ ಗಾಡಿಗೆ ನಂಬರ್ ಸಿಗುವುದಿಲ್ಲ, ರಸ್ತೆಗೆ ಇಳಿಸುವಂತಿಲ್ಲ. ಅದು ಅವರಿಗೂ ಮೊದಲಿನಿಂದ ಗೊತ್ತಿತ್ತು. ಅವರ ಕಣ್ಣಿಗೂ ರಸ್ತೆ ಬೇಕಾಗಿರಲಿಲ್ಲ. ಅಮರಗೋಳದ ಮಾರ್ಕೆಟ್ ಯಾರ್ಡ್ ಮನೆಗೆ ಹತ್ತಿರ. ಭಾನುವಾರ ಅಲ್ಲಿ ಮಾಲಿನ ಹರಾಜು ಇರುವುದಿಲ್ಲ. ಒಳಗಿನ ಸಿಮೆಂಟಿನ ದಾರಿ ಅಗಲವಾಗಿ, ಖಾಲಿಯಾಗಿ ಬಿದ್ದಿರುತ್ತದೆ. ಅಲ್ಲಿಯ ಕಾವಲುಗಾರ ನನ್ನ ಬಸ್ಸಿನಲ್ಲೇ ವರ್ಷಗಟ್ಟಲೆ ಓಡಾಡಿದವನು. ಕೇಳಿದ್ದಕ್ಕೆ, "ಬರ್ರಿ ಅಕ್ಕಾರ, ಆದ್ರ ಹಗೂರಕ ಸುತ್ತ ಹೊಡೀರಿ" ಎಂದ.

ಚಳಿಗಾಲದ ಒಂದು ಭಾನುವಾರ ಬೆಳಗ್ಗೆ ಟೆಂಪೋದಲ್ಲಿ ಕಾರು ಏರಿಸಿಕೊಂಡು ಹೋದೆವು. ಯಜಮಾನರು ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಕಿದ್ದರು. ನಾನು ನಗುವಂತಿರಲಿಲ್ಲ, ಯಾಕೆಂದರೆ ನನ್ನ ಚೀಲದಲ್ಲಿ ಡ್ಯೂಟಿಯಲ್ಲಿ ಊದುತ್ತಿದ್ದ ನನ್ನ ಸೀಟಿ ಇತ್ತು. ಅವರಿಗೆ ಬದಿಯದು ಕಾಣುವುದಿಲ್ಲ, ಬದಿಯನ್ನು ನಾನು ನೋಡಬೇಕು, ಬಾಯಿಂದ ಕೂಗಿದರೆ ಎಂಜಿನ್ನಿನ ಸದ್ದಿನಲ್ಲಿ ಕೇಳುವುದಿಲ್ಲ ಎಂದು ತಂದಿದ್ದೆ.

ಅಂಗಡಿ ಸಾಲುಗಳ ಬಾಗಿಲು ಮುಚ್ಚಿದ್ದವು. ನೆಲದ ಮೇಲೆ ಅಲ್ಲಲ್ಲಿ ಒಣಮೆಣಸಿನಕಾಯಿಯ ಬೀಜ, ಹತ್ತಿಯ ಚೂರು. ಅವರು ಬಲಗಡೆ ಕೂತರು, ನಾನು ಎಡಗಡೆ, ಊದಿದ ಬದಿಯಲ್ಲಿ. ಮಿಸ್ತ್ರಿ ದೂರದ ತಿರುವಿನಲ್ಲಿ ಬಿಳಿ ಟವೆಲ್ ಹಿಡಿದು ನಿಂತರು. ಎಂಜಿನ್ನು ಶುರುವಾಯಿತು. ಯಜಮಾನರು ಅಜ್ಜನ ಫೋಟೋಕ್ಕೆ ಕೈಮುಗಿದರು, ಗೇರು ಹಾಕಿದರು. ಗಾಡಿ ಮುಂದೆ ಹೋಗಲಿಲ್ಲ. ಕೈ ಸ್ಟೀರಿಂಗಿನ ಮೇಲೆ, ಮುಖ ಮುಂದಕ್ಕೆ, ಹಾಗೇ ಕೂತರು. ಹೆದರಿದರೇನೋ ಎಂದುಕೊಂಡೆ. ಹೆದರಿದ್ದರೆ ಒಳ್ಳೆಯದು, ಮನೆಗೆ ಹೋಗೋಣ ಎಂದೂ ಅನ್ನಿಸಿತು.

"ಯಾಕ್ರಿ, ಹೋಗವಲ್ರಿ?" ಎಂದೆ.

"ಕಂಡಕ್ಟರ್ ಸೀಟಿ ಹೊಡೀಲಾರದ ಹೆಂಗ ಹೋಗ್ಲಿ?" ಎಂದರು.

ಸೀಟಿ ಬಾಯಿಗಿಟ್ಟು ಊರಿಗೆಲ್ಲ ಕೇಳುವಂತೆ ಊದಿದೆ, ಎರಡು ಸೀಟಿ. ಎರಡು ಎಂದರೆ ಹೊರಡು, ಒಂದು ಎಂದರೆ ನಿಲ್ಲು. ಗಾಡಿ ಹೊರಟಿತು.

ಎಡಕ್ಕೆ ಹೆಚ್ಚು ಬಂದರೆ ಬಸ್ಸಿನ ಮೈಗೆ ಬಡಿಯುತ್ತಿದ್ದಂತೆ ಹೊರಗೆ ಕೈ ಚಾಚಿ ಆ ಊದಿದ ಬದಿಯನ್ನು ಬಡಿಯುತ್ತಿದ್ದೆ, ಅವರು ಬಲಕ್ಕೆ ಎಳೆದುಕೊಳ್ಳುತ್ತಿದ್ದರು. ಬಡಿಯುವುದು ನಿಂತರೆ ನೆಟ್ಟಗೆ. ಒಂದು ಮಾತೂ ಬೇಕಾಗಲಿಲ್ಲ. ಮಿಸ್ತ್ರಿಯ ಟವೆಲ್ ಕಂಡಲ್ಲಿ ತಿರುಗಿದರು. ಎಷ್ಟು ಚೆನ್ನಾಗಿ ನಡೆಸಿದರೆಂದರೆ, ಇಷ್ಟು ಕಾಲ ಬೇರೆ ಯಾರ ಯಾರೋ ಡ್ರೈವರರ ಹಿಂದೆ ನಿಂತು ಬಂದೆನಲ್ಲ ಎಂದು ಹೊಟ್ಟೆ ಉರಿಯಿತು. ಗೇರು ಬದಲಿಸುವಾಗ ಮೈ ಅಲುಗಲಿಲ್ಲ. ಗಾಳಿಗೆ ಅವರ ಕೂದಲು ಹಾರುತ್ತಿತ್ತು, ಬಾಯಿ ಸ್ವಲ್ಪ ತೆರೆದಿತ್ತು, ನಗುತ್ತಿದ್ದರು. ನಾನು ಮುಂದೆ ನೋಡಬೇಕಾಗಿತ್ತು, ಪೂರ್ತಿ ಅವರನ್ನೇ ನೋಡಲಾಗಲಿಲ್ಲ.

ಸುತ್ತು ಮುಗಿಯುವ ಕಡೆ ಒಂದು ನಾಯಿ ಎಡಗಡೆಯ ಕಟ್ಟೆಯಿಂದ ಕೆಳಗೆ ಹಾರಿತು. ಒಂದು ಸೀಟಿ ಊದಿದೆ. ಅವರು ಬ್ರೇಕು ಒತ್ತಿದರು, ಗಾಡಿ ನಿಂತಿತು. ನಾಯಿ ಮೂತಿಯ ಮುಂದೆಯೇ ಹಾದು ಹೋಯಿತು.

"ಏನಾತು?" ಎಂದರು.

"ನಾಯಿ ಬಂತ್ರಿ."

"ಎಲ್ಲೈತಿ?"

"ಹೋತು."

ಅವರು ಎಂಜಿನ್ನು ಆರಿಸಿ, ಕೀಲಿ ತೆಗೆದು ನನ್ನ ಅಂಗೈಯಲ್ಲಿಟ್ಟರು. "ಸಾಕು. ಒಂದ ಸಲ ಅಂದಿದ್ದೆ" ಎಂದರು.

ಕೆಳಗಿಳಿದು, ಡ್ಯೂಟಿ ಮುಗಿದ ಮೇಲೆ ಡ್ರೈವರರು ಮಾಡುವಂತೆ ಗಾಡಿಯ ಸುತ್ತ ಬಂದರು. ಟೈರಿಗೆ ಕಾಲಿನಿಂದ ಒದ್ದರು, ಮೈಮೇಲೆ ಕೈಯಾಡಿಸುತ್ತ ನಡೆದರು. ಎಡಗಡೆ ಬಂದಾಗ ಕೈ ನಿಂತಿತು.

"ಈ ಬಾವು ಇಳೀಲೇ ಇಲ್ಲಲ್ಲ" ಎಂದರು.

ಕೆಳಗಿಳಿಯಲು ಮಂಡಿ ಹಿಡಿದುಕೊಂಡಿದ್ದ ನಾನು ಹಾಗೇ ಕೂತೆ. "ಯಾವಾಗ ಗೊತ್ತಾತ್ರಿ ನಿಮಗ?"

"ಮೈ ಕೂರಿಸಿದ ದಿನಾನ. ಕಣ್ಣ ಹೋದ್ರ ಕೈ ಹೋಗ್ತೈತೇನು?"

"ಮತ್ಯಾಕ ಸಮ ಐತಿ ಅಂದ್ರಿ?"

"ಊದೈತಿ ಅಂದಿದ್ರ ನೀವಿಬ್ರೂ ಒಡದು ಮತ್ತ ಕಟ್ಟಸ್ತಿದ್ರಿ. ಅಷ್ಟ ದಿನ ನನ್ನ ಕಣ್ಣಾಗ ಇರ್ಲಿಲ್ಲ" ಎಂದರು.

ಇಷ್ಟು ದಿನ ಬಂದವರನ್ನೆಲ್ಲ ಕಾಯುತ್ತ ನಾನು ದಣಿದದ್ದು ಯಾರ ಸಲುವಾಗಿ? ಮಿಸ್ತ್ರಿ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ನಮ್ಮ ಕಡೆಗೆ ಬರುತ್ತಿದ್ದರು. ಯಜಮಾನರು ನನ್ನ ಕಡೆಗೆ ಕೈ ಚಾಚಿದರು, ಸ್ವಲ್ಪ ತಪ್ಪಾದ ಕಡೆಗೆ. ನಾನು ಸರಿದು ಆ ಕೈ ಹಿಡಿದುಕೊಂಡು ಕೆಳಗಿಳಿದೆ.